ಕೀಲಿಮಣೆಯ ಮೇಲೆ ಕನ್ನಡ: ಒಂದು ಸಣ್ಣ ಇತಿಹಾಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಬಂದ ಲೇಖನಗಳನ್ನು ಬೆರಳಚ್ಚು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತು ವರ್ಷ ಕಚೇರಿಯಲ್ಲಿ ಬೆರಳಚ್ಚುಗಾರನಾಗಿದ್ದವನು ನಿವೃತ್ತನಾಗಿ ಮನೆಯಲ್ಲಿದ್ದಾನೆ, ಅವನಿಗೇ ಕೊಡೋಣ ಎಂದು ಸಮಿತಿಯ ಗೆಳೆಯರು ತೀರ್ಮಾನಿಸಿದರು. ನಾನೂ ಸಂತೋಷದಿಂದಲೇ ಒಪ್ಪಿಕೊಂಡೆ. ಓದಿದ ಶಾಲೆಯಲ್ಲಿ ಮತ್ತೆ ನಾಲ್ಕು ದಿನ ಕುಳಿತುಕೊಳ್ಳುವ ಅವಕಾಶ ಯಾರಿಗೆ ಬೇಡ?

ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತು ಮೊದಲ ಸಾಲು ಹೊಡೆದೆ. ಪರದೆಯ ಮೇಲೆ ‘ಕನ್ನಡ’ ಎಂದು ಬರಬೇಕಾದ ಕಡೆ ‘ಕನನಡ’ ಎಂದು ಬಂತು. ‘ಅಮ್ಮ’ ಎಂದು ಹೊಡೆದರೆ ‘ಅಮಮ’ ಆಯಿತು. ನೋಡಿದರೆ ‘ಎಫ್’ ಕೀಲಿ ಕೆಲಸ ಮಾಡುತ್ತಿರಲಿಲ್ಲ. ವರ್ಷಗಟ್ಟಲೆ ಮಕ್ಕಳ ಬೆರಳು ಬಿದ್ದು ಅದು ಸವೆದುಹೋಗಿತ್ತು. ಮುದ್ರಣಾಲಯಕ್ಕೆ ಕೊಡಲು ಉಳಿದಿದ್ದುದು ನಾಲ್ಕೇ ದಿನ. ಪೇಟೆಗೆ ಹೋಗಿ ಹೊಸ ಕೀಲಿಮಣೆ ತರುವ ತನಕ ಕೆಲಸ ನಿಲ್ಲಿಸುವಂತಿರಲಿಲ್ಲ.

ಒಂದೇ ಒಂದು ಕೀಲಿ ಕೆಟ್ಟರೆ ಕನ್ನಡದ ಒತ್ತಕ್ಷರಗಳೆಲ್ಲ ಏಕೆ ಮಾಯವಾಗಬೇಕು? ಬೇರೆ ಕೀಲಿಗೆ ಆ ಕೆಲಸ ಒಪ್ಪಿಸಲು ಸಾಧ್ಯವೇ? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಹೋದಾಗ ತಿಳಿದ ಇತಿಹಾಸವನ್ನೇ ಇಲ್ಲಿ ಬರೆದಿದ್ದೇನೆ.

ಆಕಾರದಿಂದ ಉಚ್ಚಾರಕ್ಕೆ

ಇಂದು ನಾವು ಬಳಸುವ ಇಂಗ್ಲಿಷ್ ಕೀಲಿಗಳ ಕ್ರಮ ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಅವರ ಜೊತೆಗಾರರ ಬೆರಳಚ್ಚು ಯಂತ್ರದಿಂದ ಬಂದದ್ದು. 1868ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1874ರಲ್ಲಿ ರೆಮಿಂಗ್ಟನ್ ಕಂಪನಿ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ದೊಡ್ಡಕ್ಷರಗಳು ಮಾತ್ರ ಇದ್ದವು. 1878ರಲ್ಲಿ ಬಂದ ಎರಡನೆಯ ಮಾದರಿಯಲ್ಲಿ ‘ಶಿಫ್ಟ್’ ಕೀಲಿ ಸೇರಿತು. ಒಂದೇ ಕೀಲಿ ಎರಡು ಅಕ್ಷರ ಕೊಡಲು ಆರಂಭಿಸಿದ್ದು ಆಗಲೇ. ಶಿಫ್ಟನ್ನು ಒತ್ತಿಹಿಡಿದಿಡುವ ಬೀಗದ ಕೀಲಿಯೇ ಮುಂದೆ ಕಂಪ್ಯೂಟರಿನಲ್ಲಿ ‘ಕ್ಯಾಪ್ಸ್ ಲಾಕ್’ ಆಯಿತು.

ಇಪ್ಪತ್ತಾರು ಅಕ್ಷರಗಳ ಭಾಷೆಗೆ ಮಾಡಿದ ಯಂತ್ರದಲ್ಲಿ ಕನ್ನಡವನ್ನು ಕೂರಿಸುವುದು ಸುಲಭವಾಗಿರಲಿಲ್ಲ. ನಮ್ಮಲ್ಲಿ ಮೂವತ್ತನಾಲ್ಕು ವ್ಯಂಜನಗಳಿವೆ, ಪ್ರತಿಯೊಂದಕ್ಕೂ ಕಾಗುಣಿತವಿದೆ, ಅದರ ಮೇಲೆ ಒತ್ತಕ್ಷರಗಳು. ಎಸ್ಸೆಸ್ಸೆಲ್ಸಿ ಮುಗಿಸಿ ತಾಲ್ಲೂಕು ಕೇಂದ್ರದ ಬೆರಳಚ್ಚು ಶಾಲೆಗೆ ಸೇರಿದಾಗ ನಾನು ಕಲಿತದ್ದು ಆ ಯಂತ್ರದಲ್ಲಿ. ಅದಕ್ಕೆ ಗೊತ್ತಿದ್ದುದು ಆಕಾರ ಮಾತ್ರ. ಅಕ್ಷರದ ಒಡಲು ಒಂದು ಕೀಲಿ, ಗುಣಿತದ ಚಿಹ್ನೆ ಇನ್ನೊಂದು ಕೀಲಿ, ಒತ್ತಿಗೆ ಮತ್ತೊಂದು. ನಾವು ಕಾಗದದ ಮೇಲೆ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸುತ್ತಿದ್ದೆವು. ಅಲ್ಲಿ ಒಂದು ಕೀಲಿ ಕೆಟ್ಟರೆ ಒಂದು ಆಕಾರ ಮಾತ್ರ ಹೋಗುತ್ತಿತ್ತು. ಅದನ್ನು ಕೈಯಲ್ಲಿ ಪೆನ್ನಿನಿಂದ ತಿದ್ದಿ ಕಳಿಸಿದ್ದೂ ಉಂಟು.

ಕಂಪ್ಯೂಟರ್ ಬಂದ ಮೇಲೆ ಲೆಕ್ಕ ಬದಲಾಯಿತು. ಆಕಾರ ಕೂಡಿಸುವ ಕೆಲಸವನ್ನು ಯಂತ್ರವೇ ಮಾಡಬಲ್ಲದು, ಬೆರಳು ಉಚ್ಚಾರವನ್ನು ಹೇಳಿದರೆ ಸಾಕು. ಈ ತಿಳಿವಳಿಕೆಯಿಂದ ಎರಡು ದಾರಿಗಳು ಹುಟ್ಟಿದವು. ಮೊದಲನೆಯದು 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ರೂಪಿಸಿದ ‘ಇನ್‌ಸ್ಕ್ರಿಪ್ಟ್’. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಹಿಂದಿಯ ‘ಕ’ ಇರುವ ಕೀಲಿಯಲ್ಲೇ ಕನ್ನಡದ ‘ಕ’ ಕೂಡ ಇರುತ್ತದೆ. ಒಂದು ಭಾಷೆಯಲ್ಲಿ ಕಲಿತವರು ಇನ್ನೊಂದರಲ್ಲೂ ಹೊಡೆಯಬಹುದೆಂಬ ಉದ್ದೇಶ.

ಎರಡನೆಯ ದಾರಿ ನಮ್ಮ ನಾಡಿನದೇ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಬಳಿಕ ಟಾಟಾ ಪ್ರೆಸ್, ಮೊನೋಟೈಪ್ ಸಂಸ್ಥೆಗಳಲ್ಲೂ ದುಡಿದವರು. ಅಚ್ಚಿನ ಅಕ್ಷರ ಮತ್ತು ಕಂಪ್ಯೂಟರ್ ಎರಡನ್ನೂ ಬಲ್ಲವರು. ಅವರು ಇಂಗ್ಲಿಷ್ ಕೀಲಿಮಣೆಯ ಉಚ್ಚಾರವನ್ನೇ ಆಧಾರವಾಗಿಟ್ಟುಕೊಂಡರು. ‘ಕೆ’ ಒತ್ತಿದರೆ ಕ, ‘ಜಿ’ ಒತ್ತಿದರೆ ಗ. ಶಿಫ್ಟ್ ಹಿಡಿದು ಒತ್ತಿದರೆ ಖ, ಘ. ಇಂಗ್ಲಿಷಿನ ದೊಡ್ಡಕ್ಷರಕ್ಕೆಂದು 1878ರಲ್ಲಿ ಬಂದ ಶಿಫ್ಟ್ ಇಲ್ಲಿ ನಮ್ಮ ಮಹಾಪ್ರಾಣಕ್ಕೆ ಒದಗಿತು. ಇಂಗ್ಲಿಷಿನಲ್ಲಿ ಕನ್ನಡಕ್ಕೆ ಬೇಡವಾಗಿದ್ದ ‘ಕ್ಯೂ’ ಟಕಾರಕ್ಕೆ, ‘ಡಬ್ಲ್ಯೂ’ ಡಕಾರಕ್ಕೆ, ‘ಎಕ್ಸ್’ ಷಕಾರಕ್ಕೆ ಹೋದವು. ‘ಎಫ್’ ಕೀಲಿಗೆ ಬಂದದ್ದು ಅರ್ಧಾಕ್ಷರದ ಚಿಹ್ನೆ.

‘ಕನ್ನಡ’ ಎಂದು ಹೊಡೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದು ಕೀಲಿ. ನಡುವಿನ ಎಫ್ ಹೇಳುವುದು ‘ಈ ನಕಾರದ ಅಕಾರ ತೆಗೆ, ಮುಂದಿನದನ್ನು ಒತ್ತಾಗಿಸು’ ಎಂದು. ಕ್ಕ, ತ್ತ, ಷ್ಟ, ಸ್ತ್ರ ಯಾವುದೇ ಇರಲಿ, ಎಲ್ಲ ಒತ್ತಕ್ಷರಕ್ಕೂ ಈ ಒಂದೇ ಕೀಲಿ. 1991ರಲ್ಲಿ ಬಂದ ಯೂನಿಕೋಡ್‌ನಲ್ಲೂ ಒತ್ತಕ್ಷರವನ್ನು ಕೂಡಿಡುವ ಕ್ರಮ ಇದೇ. ಹಾಗಾಗಿಯೇ ಒಂದು ಕೀಲಿ ಸವೆದದ್ದಕ್ಕೆ ನನ್ನ ‘ಅಮ್ಮ’ ‘ಅಮಮ’ ಆದದ್ದು. ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಕೆ. ಪಿ. ರಾವ್ ಅವರು ಈ ವಿನ್ಯಾಸವನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ದಲ್ಲಿ ಅದು ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬಂತು. ಕರ್ನಾಟಕ ಸರ್ಕಾರ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಅದನ್ನೇ ಶಿಷ್ಟ ಕೀಲಿಮಣೆಯಾಗಿ ಒಪ್ಪಿತು. ನನ್ನ ಕಚೇರಿಯಲ್ಲಿ ಬೆರಳಚ್ಚು ಯಂತ್ರ ಮೂಲೆ ಸೇರಿ ‘ನುಡಿ’ ಬಂದಾಗ, ಹದಿನೈದು ವರ್ಷ ಕಲಿತದ್ದನ್ನು ಮರೆಯಬೇಕಲ್ಲ ಎಂದು ಅಂಜಿದ್ದೆ. ಹದಿನೈದೇ ದಿನದಲ್ಲಿ ಕೈ ಕೂತಿತು.

ಕಗಪ ಎಂಬ ಹೆಸರು

ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಮುಂದೆ ಸಾವಿರಾರು ಜನ ಸೇರಿ ಬೆಳೆಸಿದ ಮುಕ್ತ ವ್ಯವಸ್ಥೆ ಅದು. ಅದರಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಎಂಬುದು ಗುಟ್ಟಿನ ವಿಷಯವಲ್ಲ. 1996ರಲ್ಲಿ ಬಂದ ‘ಎಕ್ಸ್‌ಕೆಬಿ’ ಎಂಬ ಏರ್ಪಾಡಿನಂತೆ, ಆ ಪಟ್ಟಿಗಳೆಲ್ಲ ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಠ್ಯದ ಕಡತಗಳಲ್ಲಿವೆ. ಭಾರತದ ಭಾಷೆಗಳಿಗೆಲ್ಲ ‘ಇನ್’ ಎಂಬ ಹೆಸರಿನ ಒಂದೇ ಕಡತ.

ಆ ಕಡತವನ್ನು ತೆರೆದಾಗ ನನಗೊಂದು ಬೆರಗು ಕಾದಿತ್ತು. ಅಲ್ಲಿ ಕನ್ನಡದ ಒಂದು ವಿನ್ಯಾಸದ ಹೆಸರು ‘ಕಗಪ’. ಕನ್ನಡ ಗಣಕ ಪರಿಷತ್ತು ಎಂಬುದರ ಮೊದಲಕ್ಷರಗಳು. ಅದೇ ಕಡತದಲ್ಲಿ ಹಿಂದಿ ಕಗಪ, ಮರಾಠಿ ಕಗಪ, ಸಂಸ್ಕೃತ ಕಗಪ, ತೆಲುಗು ಕಗಪ ಕೂಡ ಇವೆ! ಕನ್ನಡಕ್ಕೆಂದು ಹೊಂದಿಸಿದ ಕೀಲಿಮಣೆಯ ಹೆಸರು ಜಗತ್ತಿನ ಲಿನಕ್ಸ್ ಕಂಪ್ಯೂಟರುಗಳಲ್ಲಿ ಬೇರೆ ಭಾಷೆಗಳಿಗೂ ಅಂಟಿಕೊಂಡಿದೆ. ಆ ಮೂರಕ್ಷರದ ಅರ್ಥ ಅಲ್ಲಿನ ಬಳಕೆದಾರರಲ್ಲಿ ಎಷ್ಟು ಮಂದಿಗೆ ಗೊತ್ತೋ! ನಮ್ಮ ಮಕ್ಕಳಿಗಾದರೂ ಗೊತ್ತಿರಲಿ ಎಂದು ಇಲ್ಲಿ ಬರೆದಿದ್ದೇನೆ.

ಗೋಡೆಯ ಮೇಲಿನ ಹಾಳೆ

ಕಡತ ತೆರೆದಿದೆ ಎಂದ ಮಾತ್ರಕ್ಕೆ ಕೆಲಸ ಆಗಿಬಿಡುವುದಿಲ್ಲ. ಹೇಗೆ ಮಾಡಬೇಕೆಂದು ಯಾರಾದರೂ ಬರೆದಿಟ್ಟಿರಬೇಕು.

ಈ ವಿಷಯದಲ್ಲಿ ಲಿನಕ್ಸಿಗೆ ಹಿರಿಯರಿದ್ದಾರೆ. ಅದರ ಪೂರ್ವಜವಾದ ಯೂನಿಕ್ಸ್ ವ್ಯವಸ್ಥೆಗೆ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರ್ 3ರಂದು ಒಂದು ಕೈಪಿಡಿ ಹೊರಡಿಸಿದರು. ಅದರಲ್ಲಿ ಪ್ರತಿ ಆಜ್ಞೆಗೂ ಒಂದೇ ಮಾದರಿಯ ವಿವರಣೆ: ಹೆಸರು, ಬಳಸುವ ಕ್ರಮ, ವಿವರ, ಸಂಬಂಧಿಸಿದ ಕಡತಗಳು. ನನಗೆ ಬಹಳ ಹಿಡಿಸಿದ್ದು ಕೊನೆಯ ಎರಡು ಅಂಶ. ಒಂದು ‘ದೋಷಗಳು’, ಎಂದರೆ ತಾವು ಮಾಡಿದ್ದರಲ್ಲಿ ಇರುವ ಕೊರತೆಯನ್ನು ತಾವೇ ಬರೆದಿಡುವುದು. ಇನ್ನೊಂದು ‘ಒಡೆಯ’, ಎಂದರೆ ಕೇಳಬೇಕಾದ್ದು ಯಾರನ್ನು ಎಂಬುದು. ಲಿನಕ್ಸಿನಲ್ಲಿ ‘ಮ್ಯಾನ್’ ಎಂದು ಹೊಡೆದು ಆಜ್ಞೆಯ ಹೆಸರು ಕೊಟ್ಟರೆ ಇಂದಿಗೂ ಅದೇ ಮಾದರಿಯ ಪುಟ ತೆರೆಯುತ್ತದೆ. ಜಾಲದ ಸಂಪರ್ಕವೂ ಬೇಡ.

ನನಗೆ ಮೊದಲು ನೆರವಾದದ್ದು ಮಾತ್ರ ಆ ಪುಟಗಳಲ್ಲ, ಕೊಠಡಿಯ ಗೋಡೆಯ ಮೇಲೆ ಅಂಟಿಸಿದ್ದ ಒಂದು ಡ್ರಾಯಿಂಗ್ ಹಾಳೆ. ಯಾವುದೋ ವರ್ಷದ ವಿದ್ಯಾರ್ಥಿಯೋ ವಿದ್ಯಾರ್ಥಿನಿಯೋ ಸ್ಕೆಚ್ ಪೆನ್ನಿನಲ್ಲಿ ಕೀಲಿಮಣೆ ಬರೆದು, ಪ್ರತಿ ಕೀಲಿಯ ಮೇಲೂ ಕನ್ನಡ ಅಕ್ಷರ ತುಂಬಿಸಿದ್ದರು. ಕೆಳಗೆ ಎರಡು ಸಾಲು: ‘ಪಟ್ಟಿಯಲ್ಲಿ ಎರಡು ಕಗಪ ಇವೆ. ಎಂ17ಎನ್ ಎಂದು ಇರುವುದನ್ನು ಆರಿಸಿ. ಇನ್ನೊಂದರಲ್ಲಿ ಸ್ವರ ಸರಿಯಾಗಿ ಬರುವುದಿಲ್ಲ.’

ಆ ಎರಡು ಸಾಲಿನಲ್ಲಿ ಎಷ್ಟು ಅನುಭವವಿದೆ ಎಂದು ಆಮೇಲೆ ತಿಳಿಯಿತು. ಎಕ್ಸ್‌ಕೆಬಿಯಲ್ಲಿ ಕೀಲಿ ಒತ್ತಿದರೆ ನಿಗದಿಯಾದ ಚಿಹ್ನೆ ಬರುತ್ತದೆ, ಅಷ್ಟೇ. ಹಿಂದಿನ ಅಕ್ಷರ ಯಾವುದೆಂದು ಅದು ನೋಡುವುದಿಲ್ಲ. ಆದ್ದರಿಂದ ‘ಇ’ ಎಂಬ ಸ್ವರವನ್ನೂ ‘ಕಿ’ಯಲ್ಲಿನ ಗುಣಿತವನ್ನೂ ಬೇರೆ ಬೇರೆಯಾಗಿ ಹೊಡೆಯಬೇಕು. ಎಂ17ಎನ್ ಹಿಂದಿನದನ್ನು ನೋಡಿ, ವ್ಯಂಜನದ ಬಳಿಕವಾದರೆ ಗುಣಿತ, ಇಲ್ಲವಾದರೆ ಸ್ವರ ಎಂದು ತಾನೇ ತೀರ್ಮಾನಿಸುತ್ತದೆ. ‘ನುಡಿ’ಯಲ್ಲಿ ಹೊಡೆದು ರೂಢಿಯಾದವರಿಗೆ ಎಂ17ಎನ್ ಬೇಕು. ಹಾಳೆ ಬರೆದ ಮಗು ಇದನ್ನು ತಾನೇ ಕಷ್ಟಪಟ್ಟು ಕಂಡುಕೊಂಡಿರಬೇಕು.

ಕೀಲಿ ಬದಲಿಸಿದ ಬಗೆ

ಇನ್ನು ಎಫ್ ಕೀಲಿಯ ಸಂಗತಿ. ಕನ್ನಡ ಹೊಡೆಯುವವರಿಗೆ ಕ್ಯಾಪ್ಸ್ ಲಾಕ್‌ನಿಂದ ಏನೂ ಉಪಯೋಗವಿಲ್ಲ. ತಪ್ಪಿ ಕೈ ತಗುಲಿದರೆ ಕಕಾರವೆಲ್ಲ ಖಕಾರವಾಗುವ ಕಾಟ ಬೇರೆ. ಅದಕ್ಕೇ ಎಫ್‌ನ ಕೆಲಸ ಒಪ್ಪಿಸೋಣ ಎಂದುಕೊಂಡೆ. ‘ಎಕ್ಸ್‌ಇವಿ’ ಎಂಬ ಆಜ್ಞೆ ಕೊಟ್ಟು ಆ ಕೀಲಿಯನ್ನು ಒತ್ತಿದಾಗ ಅದರ ಸಂಖ್ಯೆ 66 ಎಂದು ಕಂಡಿತು. ‘ಎಕ್ಸ್‌ಮಾಡ್‌ಮ್ಯಾಪ್’ ಎಂಬ ಆಜ್ಞೆಯ ಪುಟ ಓದಿ, ಮೊದಲು ಆ ಕೀಲಿಯ ಬೀಗದ ಗುಣ ತೆಗೆದೆ. ಬಳಿಕ 66ಕ್ಕೆ ಎಫ್ ಎಂದು ಬರೆದೆ. ‘ಅಮ್ಮ’ ಬಂತು!

ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ಮರಳಿದೆ. ಮತ್ತೆ ‘ಅಮಮ’. ಅರ್ಧ ದಿನ ಹೋಯಿತು. ಕಾರಣ ಸರಳವಾಗಿತ್ತು. ಭಾಷೆ ಬದಲಿಸಿದಾಗಲೆಲ್ಲ ವ್ಯವಸ್ಥೆ ಕೀಲಿಗಳ ಪಟ್ಟಿಯನ್ನು ಹೊಸದಾಗಿ ಓದಿಕೊಂಡು ನನ್ನ ತಿದ್ದುಪಡಿಯನ್ನು ಅಳಿಸುತ್ತಿತ್ತು. ಭಾಷೆ ಬದಲಿಸುವ ‘ಐಬಸ್’ ತಂತ್ರಾಂಶದ ಆಯ್ಕೆಗಳಲ್ಲಿ, ವ್ಯವಸ್ಥೆಯ ಕೀಲಿಮಣೆಯನ್ನೇ ಬಳಸು ಎಂಬ ಸಾಲಿಗೆ ಗುರುತು ಹಾಕಿದ ಮೇಲೆ ಅದು ನಿಂತಿತು. ಕಂಪ್ಯೂಟರ್ ಆರಂಭವಾದಾಗ ತಾನಾಗಿ ಓಡುವ ಪಟ್ಟಿಗೂ ಆಜ್ಞೆಯನ್ನು ಸೇರಿಸಿದೆ. ಈ ಸಂಚಿಕೆಯ ಒತ್ತಕ್ಷರಗಳೆಲ್ಲ ಹಾಗೆ ಕ್ಯಾಪ್ಸ್ ಲಾಕ್‌ನಿಂದ ಬಂದವು.

ಅರ್ಧ ದಿನ ಏಕೆ ಹೋಯಿತೆಂದರೆ, ನಾನು ಹುಡುಕಿ ಓದಿದ ಸಲಹೆಗಳಲ್ಲಿ ಅನೇಕವಕ್ಕೆ ತಾರೀಖು ಇರಲಿಲ್ಲ, ಯಾವ ವ್ಯವಸ್ಥೆಗೆ ಎಂಬ ಮಾತೂ ಇರಲಿಲ್ಲ. ಎಕ್ಸ್‌ಮಾಡ್‌ಮ್ಯಾಪ್ ಹಳೆಯ ಕಾಲದ್ದು, ಎಕ್ಸ್‌ಕೆಬಿ ಅದರ ನಂತರದ್ದು. ಈಗ ಬಂದಿರುವ ‘ವೇಲ್ಯಾಂಡ್’ ಪರದೆಯಲ್ಲಿ ನಾನು ಮಾಡಿದ ಉಪಾಯ ನಡೆಯುವುದೇ ಇಲ್ಲ. ಮೂರೂ ಕಾಲದ ಮಾತು ಒಂದರ ಪಕ್ಕ ಒಂದು ಸಿಗುತ್ತವೆ. ಹೊಸಬರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಚೆನ್ನಾಗಿ ಬರೆದವೂ ಇವೆ. ಇಂಗ್ಲಿಷ್ ಬಲ್ಲವರಿಗೆ ‘ಆರ್ಚ್ ವಿಕಿ’ ಇದೆ. ಕನ್ನಡದಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ಗಳಲ್ಲಿ ಸರ್ಕಾರಿ ಶಾಲಾ ಶಿಕ್ಷಕರ ಶ್ರಮವಿದೆ. ಆದರೆ ಸವೆದ ಎಫ್ ಕೀಲಿಯಂಥ ನಮ್ಮ ಊರಿನ ಸಮಸ್ಯೆಗೆ ನಮ್ಮವರೇ ಬರೆಯಬೇಕು.

ಕೆಲಸ ಮುಗಿದ ದಿನ ಗೋಡೆಯ ಹಾಳೆಯ ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿಸಿದೆ. ಮಾಡಿದ್ದು ಏನು, ಯಾವ ಆಜ್ಞೆ, ಯಾವ ತಾರೀಖು, ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ‘ದೋಷಗಳು’ ಎಂದು ಬರೆದು, ವೇಲ್ಯಾಂಡ್‌ನಲ್ಲಿ ಇದು ನಡೆಯುವುದಿಲ್ಲ ಎಂದು ಸೇರಿಸಿದೆ. ‘ಒಡೆಯ’ ಎಂಬಲ್ಲಿ ನನ್ನ ಹೆಸರು ಹಾಕಿದೆ. ಮುಖ್ಯೋಪಾಧ್ಯಾಯರು ಓದಿ ನಕ್ಕು, ‘ಇರಲಿ, ಯಾರೂ ತೆಗೆಯದ ಹಾಗೆ ನೋಡಿಕೊಳ್ಳುತ್ತೇನೆ’ ಎಂದರು.

ಹಳೆಯ ಹಾಳೆಯಲ್ಲಿ ಮಾತ್ರ ಹೆಸರಿಲ್ಲ. ಅದನ್ನು ಬರೆದವರು ಈ ಸಂಚಿಕೆ ಓದುತ್ತಿದ್ದರೆ, ಮಹೋತ್ಸವದ ದಿನ ದಯವಿಟ್ಟು ಕಂಪ್ಯೂಟರ್ ಕೊಠಡಿಗೆ ಬಂದು ಅದರ ಕೆಳಗೆ ಹೆಸರನ್ನೂ ವರ್ಷವನ್ನೂ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಅವರ ಎರಡು ಸಾಲು ಇಲ್ಲದಿದ್ದರೆ ಈ ಪುಸ್ತಕ ಹೊತ್ತಿಗೆ ಸರಿಯಾಗಿ ನಿಮ್ಮ ಕೈ ಸೇರುತ್ತಿರಲಿಲ್ಲ. ಈಗ ಓದುತ್ತಿರುವ ಮಕ್ಕಳಿಗೂ ಒಂದು ಮಾತು. ಕಂಪ್ಯೂಟರಿನಲ್ಲಿ ನೀವು ಕಷ್ಟಪಟ್ಟು ಕಂಡುಕೊಂಡದ್ದನ್ನು, ಎರಡೇ ಸಾಲಾದರೂ ಸರಿ, ಬರೆದಿಟ್ಟು ಹೋಗಿ. ಗೋಡೆಯಲ್ಲಿ ಇನ್ನೂ ಜಾಗವಿದೆ.