ಮಸ್ಕಿ: ಶಾಸನದ ನೆಲದಲ್ಲಿ ಮತದ ತೂಕ

ಎಡೆದೊರೆ ನಾಡಿನ ಮಸ್ಕಿಗೆ ಹೆಸರು ತಂದುದು 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ. ದೊಡ್ಡವರಷ್ಟೇ ಅಲ್ಲ, ಸಾಮಾನ್ಯರೂ ಶ್ರೇಯಸ್ಸನ್ನು ಸಾಧಿಸಬಲ್ಲರೆಂಬುದು ಅದರ ಸಾರ.

ಲಿಂಗಸುಗೂರು, ಸಿಂಧನೂರು ಸೀಮೆಯ ಊರುಗಳನ್ನೂ ಕೂಡಿಸಿಕೊಂಡು, ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಮಸ್ಕಿ ವಿಧಾನಸಭಾ ಕ್ಷೇತ್ರವು 2008ರಲ್ಲಿ ಮೊದಲ ಚುನಾವಣೆಯನ್ನು ಕಂಡಿತು. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರುವಿಹಾಳರನ್ನು ಸೋಲಿಸಿದ್ದು ಕೇವಲ 213 ಮತಗಳಿಂದ. ಮರುವರ್ಷ ಪಾಟೀಲರು ರಾಜೀನಾಮೆಯಿತ್ತರು. 2021ರ ಉಪಚುನಾವಣೆಯಲ್ಲಿ ಅದೇ ಇಬ್ಬರು ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ಎದುರಾದರು. 5ಎ ಕಾಲುವೆಯ ನೀರಿಗಾಗಿ ರೈತರು ಧರಣಿ ಕುಳಿತಿದ್ದ ಕಾಲವದು. ತುರುವಿಹಾಳರು 30,000ಕ್ಕೂ ಮಿಕ್ಕ ಅಂತರದಿಂದ ಗೆದ್ದರು. 2023ರಲ್ಲಿಯೂ ಅವರೇ ಆರಿಸಿಬಂದರು.

ಶ್ರೋತೃಗಳೆ, 213 ಎಂಬುದು ಒಂದೊಂದು ಮತದ ತೂಕವನ್ನು ತಿಳಿಸಿತು. ಮುಂದಿನ ಅಂತರವು, ನಾಯಕನು ಪಕ್ಷವನ್ನು ಬಿಡುವಾಗ ಮತದಾರನನ್ನು ಗಂಟುಕಟ್ಟಿ ಒಯ್ಯಲಾರನೆಂಬುದನ್ನು. ಸಾಮಾನ್ಯನ ಸಾಮರ್ಥ್ಯವನ್ನು ಅಲ್ಲಿಯ ಬಂಡೆ ಬಹುಕಾಲದ ಹಿಂದೆಯೇ ಸಾರಿತ್ತು.