ಲಿ ನಾ

ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಹಾಗಾಗಿ ಇಲ್ಲಿ 'ಲಿ' ಮನೆತನ, 'ನಾ' ಇಟ್ಟ ಹೆಸರು. 'ಲಿ' ಎಂದರೆ ಪ್ಲಮ್ ಮರ. ಚೀನಾವನ್ನು ಆಳಿದ ಟ್ಯಾಂಗ್ ದೊರೆಗಳ ಮನೆತನವೂ ಇದೇ. ಇಂದು ಕೋಟ್ಯಂತರ ಜನರಿಗೆ ಈ ಹೆಸರಿದೆ.

'ನಾ' ಅಕ್ಷರದ ಕತೆ ಇನ್ನೂ ಸೊಗಸು. ಬಳುಕು, ಲಾವಣ್ಯ ಎಂಬ ಅರ್ಥದ 'ಅ-ನುವೊ' ಎಂಬ ಹಳೆಯ ಜೋಡಿಪದದಲ್ಲಿ ಇದರ ಉಚ್ಚಾರ 'ನುವೊ'. ಹೆಣ್ಣಿನ ಹೆಸರಾದಾಗ ಮಾತ್ರ 'ನಾ'. ಆನ್ನಾ, ಡಯಾನಾದಂಥ ಪರದೇಶಿ ಹೆಸರುಗಳನ್ನು ಚೀನೀಯಲ್ಲಿ ಬರೆಯುವಾಗಲೂ ಕೊನೆಗೆ ಇದೇ ಅಕ್ಷರ. ಹಳೆಯ ಚೆಲುವು, ಹೊಸ ಕಾಲದ ನಾದ ಎರಡೂ ಒಂದೇ ಅಕ್ಷರದಲ್ಲಿ ಸಿಗುವುದು ನನಗೆ ಬಹಳ ಇಷ್ಟ.

ನಮಗೆ ಗೊತ್ತಿರುವ ಲಿ ನಾ ಟೆನಿಸ್ ಆಟಗಾರ್ತಿ. 2011ರಲ್ಲಿ ಫ್ರೆಂಚ್ ಓಪನ್ ಗೆದ್ದು, ಗ್ರ್ಯಾಂಡ್‌ಸ್ಲ್ಯಾಮ್ ಸಿಂಗಲ್ಸ್ ಪ್ರಶಸ್ತಿ ಪಡೆದ ಏಷ್ಯಾದ ಮೊದಲ ಆಟಗಾರ್ತಿಯಾದವಳು. 2014ರಲ್ಲಿ ಆಸ್ಟ್ರೇಲಿಯನ್ ಓಪನ್ ಕೂಡ ಗೆದ್ದಳು. ಆದರೆ ಅದಕ್ಕೂ ಮುಂಚೆ, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಹತ್ತು ಮೀಟರ್ ಎತ್ತರದಿಂದ ಸಾಂಗ್ ಶುಯೆ ಜೊತೆ ಏಕಕಾಲಕ್ಕೆ ನೀರಿಗೆ ಹಾರಿ ಚಿನ್ನ ಗೆದ್ದವಳು ಇನ್ನೊಬ್ಬ ಲಿ ನಾ. 2002ರಲ್ಲಿ ಕೀರಿನ್ ಸೈಕ್ಲಿಂಗ್‌ನ ವಿಶ್ವ ಚಾಂಪಿಯನ್ ಆದವಳು ಮತ್ತೊಬ್ಬ ಲಿ ನಾ. ಕತ್ತಿವರಸೆಯಲ್ಲೂ ಒಬ್ಬಳಿದ್ದಾಳೆ.

ಇವರಿಗಿಂತ ಹಿರಿಯಳು ಗಾಯಕಿ ಲಿ ನಾ. ಆಕೆಗೆ ಇದು ಹುಟ್ಟುಹೆಸರಲ್ಲ, ವೇದಿಕೆಗಾಗಿ ಇಟ್ಟುಕೊಂಡದ್ದು. ಟಿಬೆಟ್ ಪ್ರಸ್ಥಭೂಮಿಯ ಕುರಿತ ಹಾಡನ್ನು ಏರುದನಿಯಲ್ಲಿ ಹಾಡಿ ಮನೆಮಾತಾದ ಆಕೆ 1997ರಲ್ಲಿ ಬೌದ್ಧ ಸನ್ಯಾಸಿನಿಯಾಗಿ, ಆ ಹೆಸರನ್ನೂ ಬಿಟ್ಟುಕೊಟ್ಟಳು.