ಬಾಬಾಸಾಹೇಬರು ಕೇಳಿದ ಸ್ಕಾಲರ್‌ಶಿಪ್

ಮೊನ್ನೆ ಬೊಮ್ಮಸಂದ್ರದಲ್ಲಿ ನಮ್ಮ ಹುಡುಗನೊಬ್ಬ ಸಿಕ್ಕಿದ್ದ. ಇಂಜಿನಿಯರಿಂಗ್ ಕೊನೇ ವರ್ಷ. "ಅಣ್ಣಾ, ಈ ಸಲ ಸ್ಕಾಲರ್‌ಶಿಪ್ ಇಲ್ಲ, ಪ್ರಾಜೆಕ್ಟ್‌ಗೆ ದುಡ್ಡಿಲ್ಲ" ಅಂದ.

ಈ ಸ್ಕಾಲರ್‌ಶಿಪ್ ಯಾರದೋ ದಾನ ಅಲ್ಲ ಕಣ್ರೀ. 1942ರಲ್ಲಿ ವೈಸರಾಯ್ ಮಂಡಳಿಯ ಸದಸ್ಯರಾಗಿದ್ದ ಬಾಬಾಸಾಹೇಬರು ಲಿನ್‌ಲಿತ್‌ಗೋಗೆ ಮನವಿಪತ್ರ ಕೊಟ್ಟು, ನಮ್ಮ ಮಕ್ಕಳು ವಿಜ್ಞಾನ, ತಂತ್ರಜ್ಞಾನ ಕಲಿಯೋಕೆ ಹಣ ಕೇಳಿದರು. ಬರೀ ಬಿ.ಎ. ಓದಿಗಲ್ಲ, ಗಮನಿಸಿ. (ಅವರೂ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದಲೇ ಕೊಲಂಬಿಯಾಕ್ಕೆ ಹೋದವರು.) 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯ್ತು.

2021ರ ಮಾರ್ಗಸೂಚಿಯಲ್ಲೂ ಕುಟುಂಬದ ವರಮಾನದ ಮಿತಿ ವರ್ಷಕ್ಕೆ 2.5 ಲಕ್ಷವೇ. ಹುಡುಗನ ಅಪ್ಪ ಇಲ್ಲೇ ಫ್ಯಾಕ್ಟರಿಲಿದ್ದಾರೆ. ಹೋದ ವರ್ಷ ಅಮ್ಮನೂ ಸೇರಿದ್ರು. ತಲಾ 12 ಸಾವಿರ. ಲೆಕ್ಕ ಹಾಕಿ, 2.88 ಲಕ್ಷ. ಅಮ್ಮ ಕೆಲಸ ಬಿಟ್ಟರೆ ಸ್ಕಾಲರ್‌ಶಿಪ್ ಸಿಗುತ್ತೆ. ಆಮೇಲೆ ಮನೆ ಬಾಡಿಗೆ ಯಾರು ಕಟ್ಟೋದು?